ಬೀರುವಿನ ಹಿಂದಿನ ಗೋಡೆ

ಬೆಳಿಗ್ಗೆ ಒಂಬತ್ತೂ ಇಪ್ಪತ್ತಕ್ಕೆ ಆಕೆ ಯಾರದೋ ಬಚ್ಚಲುಮನೆಯ ನೆಲದ ಮೇಲೆ ಮಂಡಿಯೂರಿ ಕುಳಿತು, ಸವೆದ ನಾಣ್ಯವೊಂದರಿಂದ ಟೈಲುಗಳನ್ನು ಒಂದೊಂದಾಗಿ ತಟ್ಟುತ್ತಿದ್ದಳು. ಗಟ್ಟಿ, ಗಟ್ಟಿ, ಗಟ್ಟಿ. ಗೋಡೆಯಿಂದ ಮೂರನೆಯ ಸಾಲಿಗೆ ಬಂದಾಗ ಶಬ್ದ ಬದಲಾಯಿತು. ಮತ್ತೊಮ್ಮೆ ತಟ್ಟಿ, ತಲೆ ಓರೆ ಮಾಡಿ ಕೇಳಿ, ಆ ಟೈಲಿನ ಮೂಲೆಗೆ ಹಳದಿ ಚೀಟಿ ಅಂಟಿಸಿದಳು.

"ಕೆಳಗೆ ಟೊಳ್ಳಿದೆ," ಅಂದಳು. "ಸಿಮೆಂಟ್ ಸರಿಯಾಗಿ ಹಿಡಿದಿಲ್ಲ. ಈಗ ಏನೂ ಆಗಲ್ಲ. ಯಾವತ್ತೋ ಒಂದಿನ ಬಕೆಟ್ ಬಿದ್ದಾಗ ಒಡೆಯುತ್ತೆ."

ಬಾಗಿಲಲ್ಲಿ ಮೂವರು ನಿಂತಿದ್ದರು. ಮನೆ ಕೊಳ್ಳಲು ಹೊರಟ ದರ್ಜಿ, ಅವನ ಹೆಂಡತಿ, ಹೆಂಡತಿಯ ಅಪ್ಪ. ದರ್ಜಿ ಕೊರಳಿಗೆ ನೇತುಹಾಕಿಕೊಂಡ ಅಳತೆಯ ಟೇಪನ್ನು ತೆಗೆಯುವುದನ್ನೇ ಮರೆತು ಬಂದಿದ್ದ. ಮಾವನಿಗೆ ಈ ತಟ್ಟುವ ಆಟದಲ್ಲಿ ತಾಳ್ಮೆ ಕೆಟ್ಟಿತ್ತು.

"ಅದಿರಲಿ ತಾಯಿ, ಒಟ್ಟಿನಲ್ಲಿ ಮನೆ ಪಾಸೋ ಫೇಲೋ?"

"ಎರಡೂ ಅಲ್ಲ ಯಜಮಾನ್ರೇ. ಕನ್ನಡಿ ಪಾಸು ಫೇಲು ಅನ್ನುತ್ತಾ? ತೋರಿಸುತ್ತೆ ಅಷ್ಟೆ."

"ನಮ್ಮನೆ ಕನ್ನಡಿ ಅನ್ನುತ್ತೆ," ಎಂದು ಮಾವ ಬೋಳು ತಲೆಯ ಮೇಲೆ ಕೈಯಾಡಿಸಿದ.

ಮನೆ ತಪಾಸಣೆ ಆಕೆಯ ಕಸುಬು. ಮನೆ ಕೊಳ್ಳುವವರು ಸಹಿ ಹಾಕುವ ಮುಂಚೆ ಆಕೆಯನ್ನು ಕರೆಸುತ್ತಾರೆ. ಪ್ರತಿ ಮನೆಯ ಹೊಸ್ತಿಲಲ್ಲೂ ಆಕೆ ಒಂದೇ ಮಾತು ಹೇಳುತ್ತಾಳೆ. ಹತ್ತೊಂಬತ್ತು ವರ್ಷಗಳಲ್ಲಿ ಅದರ ಒಂದು ಪದವೂ ಬದಲಾಗಿಲ್ಲ. ಮೂರು ಗಂಟೆ ಹಿಡಿಯುತ್ತೆ, ಜೊತೆಗೇ ಓಡಾಡಿ, ಬೇಕಾದ್ದು ಕೇಳಿ. ಕೊಳ್ಳಿ ಅಂತಲೂ ಹೇಳಲ್ಲ, ಬಿಡಿ ಅಂತಲೂ ಹೇಳಲ್ಲ. ಗೋಡೆ ಒಡೆಯಲ್ಲ, ಸಾಮಾನು ಸರಿಸಲ್ಲ. ಕಂಡದ್ದನ್ನು ಬರೀತೀನಿ, ಕಾಣದೇ ಇದ್ದದ್ದನ್ನ ಕಾಣಲಿಲ್ಲ ಅಂತ ಬರೀತೀನಿ.

ಆ ಕೊನೆಯ ಮಾತು ಯಾರ ಕಿವಿಗೂ ಸರಿಯಾಗಿ ಬೀಳುವುದಿಲ್ಲ. ದರ್ಜಿಯ ಹೆಂಡತಿಗೂ ಬಿದ್ದಿರಲಿಲ್ಲ. ಹಿಂದಿನ ಕೋಣೆಗೆ ಬಂದಾಗ ಒಂದು ಗೋಡೆಗೆ ಎದೆಯೆತ್ತರದವರೆಗೆ ರಟ್ಟಿನ ಪೆಟ್ಟಿಗೆಗಳನ್ನು ಪೇರಿಸಿಟ್ಟಿದ್ದರು. ಆಕೆ ಟಾರ್ಚನ್ನು ಗೋಡೆಗೆ ಒರಗಿಸಿ ಬೆಳಕು ಓರೆಯಾಗಿ ಹರಿಯುವಂತೆ ಹಿಡಿದಳು. ಹೀಗೆ ಹಿಡಿದರೆ ಬಣ್ಣದಡಿ ಮುಚ್ಚಿಟ್ಟ ಉಬ್ಬುತಗ್ಗುಗಳೆಲ್ಲ ನೆರಳಾಗಿ ಎದ್ದು ನಿಲ್ಲುತ್ತವೆ. ಪೆಟ್ಟಿಗೆಗಳ ಮೇಲೆ ಕಂಡಷ್ಟು ಗೋಡೆ ಚೆನ್ನಾಗಿತ್ತು.

"ಇದರ ಹಿಂದೆ ಏನಿದೆಯೋ ನನಗೆ ಗೊತ್ತಿಲ್ಲ. ಹಾಗಂತ ಬರೀತೀನಿ."

"ಅಂದ್ರೆ ನಾವೇನು ಮಾಡಬೇಕು ಮೇಡಂ?"

"ಸ್ವಲ್ಪ ಸರಿಸ್ತೀರಾ ಅಂತ ಮಾರುವವರನ್ನ ಕೇಳಿ. ಕೇಳೋದಕ್ಕೆ ಸಂಕೋಚ ಬೇಡ. ಸರಿಸಿದ್ರೆ ಒಳ್ಳೇದು. ಆಗಲ್ಲ ಅಂದ್ರೆ ಅದೂ ಒಂದು ಉತ್ತರ ಅಂತ ತಿಳ್ಕೊಳ್ಳಿ."

ಈ ಮಾತನ್ನು ಆಕೆ ನೂರಾರು ಮನೆಗಳಲ್ಲಿ ಹೇಳಿದ್ದಳು. ಆ ದಿನ ಮಾತ್ರ ಹೇಳಿದ ಮೇಲೆ ಒಮ್ಮೆ ಕೈಗಡಿಯಾರ ನೋಡಿಕೊಂಡಳು. ಮಧ್ಯಾಹ್ನ ಮೂರಕ್ಕೆ ಆಕೆಯ ಸ್ವಂತ ಮನೆಯ ತಪಾಸಣೆಯಿತ್ತು.

ಕಸುಬಿನವರ ನಡುವೆ ಆಕೆಗೆ ಟಕಟಕ ಅಕ್ಕ ಎಂಬ ಅಡ್ಡಹೆಸರಿದೆ. ಮೊದಲು ಒಂದು ಟೈಲು ಅಂಗಡಿಯ ಕೌಂಟರಿನಲ್ಲಿದ್ದಳು. ಒಡೆದು ಬಂದ ಟೈಲನ್ನು ತಟ್ಟಿ, ತಪ್ಪು ಕಾರ್ಖಾನೆಯದೋ ಕೂರಿಸಿದವನದೋ ಎಂದು ಹೇಳುವುದು ಅವಳ ಪಾಲಿಗೆ ಬಂದ ಕೆಲಸ. ಕಿವಿ ಪಳಗಿತು. ಮುಂದೆ ತಪಾಸಣೆಯ ತರಬೇತಿ ಮುಗಿಸಿ, ತೇವ ಅಳೆಯುವ ಮೀಟರು, ಮಟ್ಟ ನೋಡುವ ಪಟ್ಟಿ, ಕೋಲಿಗೆ ಸಿಕ್ಕಿಸಿದ ಕನ್ನಡಿ, ಪ್ಲಗ್ಗು ಪರೀಕ್ಷಿಸುವ ಪುಟ್ಟ ದೀಪ ಎಲ್ಲವನ್ನೂ ಒಂದು ಕ್ಯಾನ್ವಾಸ್ ಚೀಲಕ್ಕೆ ತುಂಬಿಕೊಂಡು ಮನೆಯಿಂದ ಮನೆಗೆ ತಿರುಗತೊಡಗಿದಳು. ಆ ಚೀಲ ಹೋಗದ ಮನೆ ಒಂದೇ ಒಂದಿತ್ತು. ಅದು ಆಕೆ ಕೊಂಡ ಮನೆ.

ಹನ್ನೊಂದು ವರ್ಷದ ಹಿಂದೆ ಆ ಮನೆಯನ್ನು ಅವರಿಗೆ ಮಾರಿದ್ದು ಗಂಡನ ಅಕ್ಕ. ಸಹಿ ಹಾಕುವ ಹಿಂದಿನ ದಿನ ಆಕೆ ಚೀಲ ಹೆಗಲಿಗೇರಿಸಿದಾಗ ಗಂಡ ಬಾಗಿಲಿಗೆ ಅಡ್ಡ ನಿಂತಿದ್ದ.

"ಒಡಹುಟ್ಟಿದವಳ ಮನೆಗೆ ಮೀಟರ್ ಹಿಡ್ಕೊಂಡು ಹೋಗ್ತೀಯಾ? ಅಕ್ಕ ಏನು ಅಂದ್ಕೋತಾಳೆ? ನನ್ನ ಮುಖ ಎಲ್ಲಿಡಲಿ?"

ಆಕೆ ಚೀಲ ಕೆಳಗಿಟ್ಟಳು. ಬರಿಗೈಯಲ್ಲಿ ಹೋಗಿ, ಕಾಫಿ ಕುಡಿದು, ಗೋಡೆಗಳ ಬಣ್ಣ ಚೆನ್ನಾಗಿದೆ ಅಂದು ಬಂದಳು. ಬಂದು ಸೇರಿಕೊಂಡ ಎರಡನೆಯ ವಾರ ಹಿಂದಿನ ಕೋಣೆಯ ಬಾಗಿಲಿನ ಮೇಲಂಚನ್ನು ಯಾರೋ ಓರೆಯಾಗಿ ಹೆರೆದಿರುವುದು ಕಣ್ಣಿಗೆ ಬಿತ್ತು. ಚೌಕಟ್ಟು ವಾಲಿದಾಗಷ್ಟೇ ಬಾಗಿಲನ್ನು ಹಾಗೆ ಹೆರೆಯುತ್ತಾರೆ. ಆಕೆ ಕಿಟಕಿಯ ಮೂಲೆಯಿಂದ ಕೂದಲೆಳೆಯಂತೆ ಇಳಿದಿದ್ದ ಬಿರುಕನ್ನು ಹುಡುಕಿ ತೆಗೆದಳು. ಅದರ ತುದಿಗೆ ಪೆನ್ಸಿಲಿನಿಂದ ಅಡ್ಡಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆದಳು.

ಗಂಡನ ಅಕ್ಕನನ್ನು ವಿಚಾರಿಸಿದ್ದಕ್ಕೆ, "ಹಿಂದೆ ಅಲ್ಲೆಲ್ಲೋ ಒಂದು ಬಾವಿ ಇತ್ತಂತೆ ಕಣೇ," ಅಂದಿದ್ದಳು. "ಮುಚ್ಚಿ ಮೂವತ್ತು ವರ್ಷ ಆಯ್ತು. ಮುಚ್ಚಿದ ಮೇಲೆ ಇನ್ನೆಂಥ ಬಾವಿ?"

ಬಾವಿಗೆ ಅದು ತಿಳಿದಿರಲಿಲ್ಲ. ತುಂಬಿಸಿದ ಮಣ್ಣು ವರ್ಷವರ್ಷ ಕುಸಿಯುತ್ತ ಮನೆಯ ಹಿಂದಿನ ಬಲಮೂಲೆಯನ್ನು ಕೂದಲು ಕೂದಲಿನಷ್ಟು ಕೆಳಗೆಳೆಯುತ್ತಿತ್ತು. ಆರು ತಿಂಗಳಿಗೊಮ್ಮೆ ಆಕೆ ಹೊಸ ಗೆರೆ ಎಳೆಯುತ್ತ ಬಂದಳು. ಮೊದಲ ಗೆರೆ ಕಿಟಕಿಯಿಂದ ಒಂದು ಗೇಣು ಕೆಳಗಿತ್ತು. ಇಪ್ಪತ್ತೆರಡನೆಯದು ನೆಲದಿಂದ ಮೊಣಕಾಲೆತ್ತರಕ್ಕೆ ಬಂದಿತ್ತು.

ಬಿರುಕಷ್ಟೇ ಆಗಿದ್ದರೆ ಆಕೆ ಇನ್ನೂ ಇಪ್ಪತ್ತು ವರ್ಷ ಅಳೆಯುತ್ತಲೇ ಕೂರುತ್ತಿದ್ದಳೇನೋ. ಆದರೆ ಗಂಡನ ಮಂಡಿಗಳು ಕೈಕೊಟ್ಟವು. ಮೂವತ್ತೊಂದು ವರ್ಷ ನಗರದ ಬಸ್ಸಿನ ಡ್ರೈವರಾಗಿ ಕ್ಲಚ್ಚು ತುಳಿದ ಎಡಗಾಲು ಮೊದಲು, ಅದರ ಹಿಂದೆಯೇ ಬಲಗಾಲು. ಮಲಗುವ ಕೋಣೆಯೂ ಬಚ್ಚಲೂ ಮಹಡಿಯಲ್ಲಿವೆ. ಮೆಟ್ಟಿಲು ಹದಿಮೂರು, ಕಡಿದಾದವು, ಒಂದೇ ಕಡೆ ಕಟಕಟೆ. ಎಂಟು ತಿಂಗಳಿಂದ ಡ್ರೈವರ್ ಮಹಡಿ ಹತ್ತಿಲ್ಲ. ಹಜಾರದ ಸೋಫಾದಲ್ಲಿ ಮಲಗುತ್ತಾನೆ. ಮೆಟ್ಟಿಲ ಕೆಳಗಿನ ಪುಟ್ಟ ಪಾಯಿಖಾನೆಯಲ್ಲಿ ಬಾಗಿಲು ಅರ್ಧ ತೆರೆದಿಟ್ಟು, ಕಾಲು ಹೊರಗೆ ಚಾಚಿ ಕೂರುತ್ತಾನೆ. ಸ್ನಾನಕ್ಕೆ ಅಡುಗೆಮನೆಯಲ್ಲಿ ಕುರ್ಚಿ ಹಾಕಿ, ಬಕೆಟ್ಟಿಗೆ ಬಟ್ಟೆ ಅದ್ದಿ ಆಕೆಯೇ ಮೈ ಒರೆಸುತ್ತಾಳೆ. ಅಷ್ಟು ಹೊತ್ತೂ ಇಬ್ಬರೂ ಬೇರೆ ಯಾವುದಾದರೂ ವಿಷಯ ಮಾತಾಡುತ್ತಾರೆ.

ಎರಡು ಬೀದಿ ಆಚೆ ನೆಲಮಟ್ಟದ ಒಂದು ಫ್ಲ್ಯಾಟು ಖಾಲಿಯಿತ್ತು. ಆಕೆ ಅದನ್ನು ಮೂರು ಸಲ ತಟ್ಟಿ ಬಂದಿದ್ದಳು. ಸೋರುವ ಒಂದು ನಲ್ಲಿ ಬಿಟ್ಟರೆ ತಪ್ಪು ಸಿಗಲಿಲ್ಲ. ಬಚ್ಚಲಿಗೆ ಹೊಸ್ತಿಲೇ ಇಲ್ಲ. ಫ್ಲ್ಯಾಟಿನೊಡತಿ ತಿಂಗಳ ಕೊನೆಯವರೆಗೆ ಕಾಯುತ್ತೇನೆ ಅಂದಿದ್ದಳು. ಈ ಮನೆ ಮಾರದೆ ಆ ಮನೆ ಸಿಗದು. ತಿಂಗಳು ಮುಗಿಯಲು ಹನ್ನೆರಡು ದಿನ ಉಳಿದಿತ್ತು.

ಮೊದಲು ಬಂದ ಖರೀದಿದಾರರಿಗೆ ಹಿಂದಿನ ಕೋಣೆಯ ಬಾಗಿಲು ತೆರೆಯುವ ಮುಂಚೆಯೇ ಆಕೆ ಬಾವಿಯ ಕತೆ ಹೇಳಿಬಿಟ್ಟಿದ್ದಳು. "ಮನೆ ತೋರಿಸು ಅಂದ್ರೆ ಪೋಸ್ಟ್‌ಮಾರ್ಟಂ ಮಾಡ್ತೀಯಲ್ಲೇ," ಎಂದು ಡ್ರೈವರ್ ಎರಡು ದಿನ ಮುಖ ತಿರುಗಿಸಿದ್ದ. ಎರಡನೆಯವರು ಬಂದಾಗ ಆಕೆ ಮನೆಯಲ್ಲಿರಲಿಲ್ಲ. ಅವರ ತಪಾಸಕ ಗೋಡೆ ನೋಡಿದ, ಪೆನ್ಸಿಲ್ ಗೆರೆಗಳನ್ನು ಫೋಟೋ ತೆಗೆದ. ಆಮೇಲೆ ಅವರ ಫೋನೇ ಬರಲಿಲ್ಲ.

ಮೂರನೆಯವಳು ಒಬ್ಬ ನರ್ಸ್.

ಆ ದಿನ ದರ್ಜಿಯ ಕೆಲಸ ಮುಗಿಸಿ ಎರಡು ಗಂಟೆಗೆ ಆಕೆ ತನ್ನ ಮನೆಗೆ ಬಂದು ಚೀಲ ಇಟ್ಟಾಗ ಹಜಾರದಲ್ಲಿ ಬೆವರಿನ ವಾಸನೆಯಿತ್ತು. ಟೀಪಾಯಿಯ ಮೇಲೆ ನಾಲ್ಕು ಖಾಲಿ ಲೋಟ. ಡ್ರೈವರ್ ಸೋಫಾದಲ್ಲಿ ಕೂತು, ಗೆದ್ದುಬಂದವನಂತೆ ಹಲ್ಲು ಕಿರಿಯುತ್ತಿದ್ದ.

"ಯಾರು ಬಂದಿದ್ರು?"

"ಡಿಪೋದವರು. ಮೂರು ಜನ. ಪಾಪ, ಊಟಕ್ಕೂ ನಿಲ್ಲಲಿಲ್ಲ."

ಆಕೆ ಹಿಂದಿನ ಕೋಣೆಗೆ ಹೋದಳು. ಮಹಡಿಯಲ್ಲಿದ್ದ ಮರದ ಬೀರು ಹದಿಮೂರು ಮೆಟ್ಟಿಲಿಳಿದು ಬಂದು ಬಲಮೂಲೆಯಲ್ಲಿ ನಿಂತಿತ್ತು. ಮದುವೆಯ ಕಾಲದ ಬೀರು, ಎರಡು ಬಾಗಿಲು, ತಲೆಯ ಮೇಲೆ ಕೆತ್ತನೆಯ ಕಿರೀಟ. ಕಿಟಕಿಯ ಅಂಚಿನಿಂದ ಮೂಲೆಯವರೆಗೆ ಗೋಡೆಯನ್ನು ಅಳೆದು ಮಾಡಿಸಿದಂತೆ ಮುಚ್ಚಿತ್ತು. ತೆರೆದು ನೋಡಿದಳು. ಕಂಬಳಿ, ದಿಂಬು, ಸ್ಟೀಲಿನ ಪಾತ್ರೆ, ಡ್ರೈವರನ ಹಳೆಯ ಸಮವಸ್ತ್ರ ಎಲ್ಲ ಒಳಗೆ ತುಂಬಿ ಕೂತಿದ್ದವು.

"ಖಾಲಿ ಬೀರು ಯಾರು ಬೇಕಾದ್ರೂ ಜರುಗಿಸ್ತಾರೆ," ಡ್ರೈವರ್ ಹಜಾರದಿಂದಲೇ ಕೂಗಿದ. "ಅದಕ್ಕೇ ತುಂಬಿಸ್ದೆ."

"ರೀ, ಇದು..."

"ಸುಳ್ಳು ಹೇಳಿದೀನಾ? ಬಣ್ಣ ಬಳಿಸಿದೀನಾ? ಬೀರು ನಮ್ಮದು, ಗೋಡೆ ನಮ್ಮದು. ಎಲ್ಲಿ ಬೇಕೋ ಅಲ್ಲಿ ಇಟ್ಕೋತೀವಿ. ಸಾಮಾನು ಸರಿಸಲ್ಲ, ಕಂಡದ್ದು ಮಾತ್ರ ಬರೀತೀನಿ ಅಂತ ದಿನಾ ಊರಿಗೆಲ್ಲ ಹೇಳೋಳು ನೀನೇ ತಾನೇ?"

ಆಕೆ ಬಾಗಿಲ ಬಳಿ ಬಂದು ನಿಂತಳು.

"ಕಾಣಲಿಲ್ಲ ಅಂತಲೂ ಬರೀತಾರೆ."

"ಬರೀಲಿ. ಅದನ್ನ ಯಾರು ಓದ್ತಾರೆ? ನೀನೇ ಹೇಳ್ತಿದ್ದೆ, ಯಾರೂ ಓದಲ್ಲ ಅಂತ." ಅವನ ದನಿ ಇಳಿಯಿತು. "ನನಗೆ ಒಂದ್ಸಲ ನೀರು ತಲೆ ಮೇಲೆ ಸುರ್ಕೊಂಡು ಸ್ನಾನ ಮಾಡಬೇಕು ಕಣೇ. ಅಷ್ಟೇ."

ಆಕೆ ಲೋಟಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದಳು. ನಾಲ್ಕನ್ನೂ ಎರಡೆರಡು ಸಲ ತೊಳೆದಳು. ಬೀರುವನ್ನು ಆಕೆ ಅಲ್ಲಿಗೆ ತಂದಿರಲಿಲ್ಲ. ತೆಗೆಯಲೂ ಇಲ್ಲ.

ಮೂರಕ್ಕೆ ಸರಿಯಾಗಿ ಕರೆಗಂಟೆ ಸದ್ದು ಮಾಡಿತು. ಬಾಗಿಲಲ್ಲಿ ನರ್ಸ್ ನಿಂತಿದ್ದಳು. ನಲವತ್ತರ ಆಸುಪಾಸು, ಬಿಳಿ ಬೂಟು, ಕಣ್ಣ ಕೆಳಗೆ ಕಪ್ಪು. ಅವಳ ಹಿಂದೆ ಚೀಲ ಹೊತ್ತ ತಪಾಸಕನನ್ನು ನೋಡಿ ಆಕೆಯ ಕೈ ಚಿಲಕದ ಮೇಲೇ ನಿಂತಿತು. ಆತ ಆಕೆಯ ಶಿಷ್ಯ. ಒಂದು ಕಾಲದಲ್ಲಿ ವೈರಿಂಗ್ ಕೆಲಸ ಮಾಡುತ್ತಿದ್ದವನನ್ನು ಏಳು ವರ್ಷದ ಹಿಂದೆ ಜೊತೆಗೆ ಹಾಕಿಕೊಂಡು, ಮನೆಮನೆ ತಿರುಗಿಸಿ, ಬೈದು ಕಲಿಸಿದವಳು ಆಕೆಯೇ. ಬಿರುಕಿಗೆ ಗೆರೆ ಎಳೆಯುವುದನ್ನು ಆತ ಕಲಿತದ್ದು ಇದೇ ಮನೆಯ ಹಿಂದಿನ ಕೋಣೆಯಲ್ಲಿ. ಒಂಬತ್ತನೆಯ ಗೆರೆ ಅವನ ಕೈಯದು.

"ಅಕ್ಕಾ," ಅಂದ. "ಬೀದಿ ಹೆಸರು ಬದಲಾಗಿದೆಯಲ್ಲ, ನಿಮ್ಮ ಮನೆ ಅಂತ ಈಗಷ್ಟೇ ಗೊತ್ತಾಯ್ತು." ಆಮೇಲೆ ನರ್ಸ್ ಕಡೆ ತಿರುಗಿದ. "ನೋಡಿ ಮೇಡಂ, ಇವರು ನನಗೆ ಕೆಲಸ ಕಲಿಸಿದವರು. ಬೇಡ ಅನ್ನಿಸಿದ್ರೆ ಬೇರೆಯವರನ್ನ ಕರೀಬಹುದು, ನನಗೇನೂ ಬೇಜಾರಿಲ್ಲ."

ನರ್ಸ್ ಇಬ್ಬರನ್ನೂ ನೋಡಿದಳು.

"ಒಳ್ಳೆ ಟೀಚರಾ?"

"ಬೈಯೋದ್ರಲ್ಲಿ ತುಂಬಾ ಒಳ್ಳೆಯವರು."

"ಹಾಗಾದ್ರೆ ಸರಿ. ನನಗೂ ಹಾಗೇ ಕಲಿಸಿದ್ದು," ಅಂದು ನರ್ಸ್ ಒಳಗೆ ಬಂದಳು.

ತಪಾಸಣೆ ನಡೆಯುವಾಗ ಮಾರುವವರು ಹೊರಗೆ ಹೋಗುವುದು ರೂಢಿ. ಡ್ರೈವರ್ ಹೋಗುವುದೆಲ್ಲಿಗೆ? ಹೊರಗಿನ ಮೂರು ಮೆಟ್ಟಿಲಿಗೇ ಅವನಿಗೆ ಹತ್ತು ನಿಮಿಷ ಬೇಕು. ಗಂಡ ಹೆಂಡತಿ ಹಜಾರದ ಸೋಫಾದಲ್ಲಿ, ದಂತವೈದ್ಯರ ಬಾಗಿಲಲ್ಲಿ ಕಾಯುವವರಂತೆ ಅಕ್ಕಪಕ್ಕ ಕುಳಿತರು. ಮೇಲಿನಿಂದ ಶಬ್ದಗಳು ಇಳಿದು ಬರತೊಡಗಿದವು. ಆಕೆಗೆ ನೋಡುವ ಅಗತ್ಯವೇ ಇರಲಿಲ್ಲ.

ಮೊದಲು ನೀರು. ಎರಡು ನಲ್ಲಿಗಳನ್ನೂ ಒಟ್ಟಿಗೆ ಬಿಟ್ಟಿದ್ದಾನೆ. ಈಗ ಫ್ಲಶ್ಶು. ಒತ್ತಡ ಇಳಿಯಿತಾ ಎಂದು ನೋಡುತ್ತಿದ್ದಾನೆ. ಕಿಟಕಿ ತೆರೆದ, ಮುಚ್ಚಿದ. ಅಟ್ಟದ ಮುಚ್ಚಳ. ಪ್ಲಗ್ಗುಗಳ ಚಿಟಕ್, ಚಿಟಕ್, ಚಿಟಕ್.

"ಮೂರೇ ನೋಡಿದ," ಆಕೆ ಪಿಸುಗುಟ್ಟಿದಳು. "ಕಿಟಕಿ ಕೆಳಗಿನದು ಬಿಟ್ಟ."

"ಹೋಗಿ ತೋರಿಸಿ ಬಾ. ಹಾಗೇ ಬಾವಿಯಿಂದ ಎರಡು ಕೊಡ ನೀರು ಸೇದ್ಕೊಡು."

ಅಷ್ಟರಲ್ಲಿ ನಾಲ್ಕನೆಯ ಚಿಟಕ್ ಕೇಳಿತು. ಆಕೆಗೆ ಸಮಾಧಾನವೂ ಆಯಿತು, ಭಯವೂ ಆಯಿತು. ಏನನ್ನೂ ಬಿಡದ ಹಾಗೆ ಕಲಿಸಿದ್ದಳು.

ಹೆಜ್ಜೆಗಳು ಮೆಟ್ಟಿಲಿಳಿದವು. ಅಡುಗೆಮನೆ ಮುಗಿಯಿತು. ಮೆಟ್ಟಿಲ ಕೆಳಗಿನ ಪಾಯಿಖಾನೆಯ ಬಾಗಿಲು ಕಿರುಗುಟ್ಟಿದಾಗ ಡ್ರೈವರ್ ಗೋಡೆಯ ಕಡೆ ಮುಖ ಮಾಡಿದ. ಕೊನೆಗೆ ಹಿಂದಿನ ಕೋಣೆ. ಅಲ್ಲಿಂದ ನರ್ಸ್ ಮಾತು ಸ್ಪಷ್ಟವಾಗಿ ಕೇಳಿಸುತ್ತಿತ್ತು.

"ನನಗೆ ಇಷ್ಟ ಆಗಿದ್ದೇ ಈ ರೂಮು. ರಾತ್ರಿ ಪಾಳಿ ಮಾಡ್ತೀನಿ, ಹಗಲು ಮಲಗಬೇಕು. ಈ ಕಡೆ ಬಿಸಿಲೇ ಬರಲ್ಲ. ಬೀರು ಹೋದ ಮೇಲೆ ಮಂಚ ಆ ಮೂಲೆಗೆ ಹಾಕ್ತೀನಿ."

ಶಿಷ್ಯ ಮಟ್ಟದ ಪಟ್ಟಿಯನ್ನು ನೆಲದ ಮೇಲಿಟ್ಟ ಸದ್ದು. ಅದನ್ನು ಎತ್ತಿ ಇನ್ನೊಂದು ಕಡೆ ಇಟ್ಟ ಸದ್ದು. ಆಮೇಲೆ ಹೆಜ್ಜೆಗಳು ಬೀರುವಿನ ಮುಂದೆ ಬಂದು ನಿಂತವು. ಡ್ರೈವರ್ ಹೆಂಡತಿಯ ಮಣಿಕಟ್ಟು ಹಿಡಿದುಕೊಂಡಿದ್ದ. ಆಕೆ ಏಳದಿರಲಿ ಎಂದೋ ತಾನು ಬೀಳದಿರಲೆಂದೋ ಹೇಳುವುದು ಕಷ್ಟವಿತ್ತು.

ಶಿಷ್ಯ ಹಜಾರಕ್ಕೆ ಬಂದು ಊಟದ ಮೇಜಿನ ಮೇಲೆ ಕಾಗದ ಹರಡಿ, ನಿಂತೇ ಬರೆಯತೊಡಗಿದ. ಯಾರ ಮುಖವನ್ನೂ ನೋಡಲಿಲ್ಲ. ನರ್ಸ್ ಪಕ್ಕದಲ್ಲಿ ನಿಂತಳು.

"ಓದಿ ಹೇಳಿ. ನಿಮ್ಮ ಅಕ್ಷರ ಡಾಕ್ಟರದಕ್ಕಿಂತ ಕೆಟ್ಟದಾಗಿದೆ."

ಆತ ಓದಿದ. ಮಹಡಿಯ ಬಚ್ಚಲಲ್ಲಿ ಎರಡು ಟೊಳ್ಳು ಟೈಲು. ಅಟ್ಟದ ಒಂದು ತೊಲೆಗೆ ಹಳೆಯ ತೇವದ ಕಲೆ, ಈಗ ಒಣಗಿದೆ. ಅಡುಗೆಮನೆಯ ಸಿಂಕಿನ ಕೆಳಗಿನ ಪೈಪಿನ ವಾಷರು ಬದಲಿಸಬೇಕು. ಹಿಂದಿನ ಕೋಣೆಯ ನೆಲ ಬಲಕ್ಕೆ ತುಸು ಇಳಿಜಾರು. ಒಂದು ಕ್ಷಣ ನಿಂತು ಮುಂದುವರಿಸಿದ: "ಹಿಂದಿನ ಕೋಣೆಯ ಗೋಡೆಗಳಲ್ಲಿ ದೋಷ ಕಂಡುಬಂದಿಲ್ಲ."

ಸೋಫಾದಲ್ಲಿ ಡ್ರೈವರ್ ಉಸಿರು ಬಿಟ್ಟ.

ಶಿಷ್ಯ ತಲೆ ಎತ್ತಿ ಆಕೆಯನ್ನು ನೋಡಿದ. ಗೆರೆಗಳು ಅವನಿಗೆ ಗೊತ್ತಿದ್ದವು. ಬೀರು ಮಹಡಿಯಲ್ಲಿರಬೇಕಾದ್ದು ಎಂದೂ ಗೊತ್ತಿತ್ತು. ಈ ಮನೆಯಲ್ಲಿ ಆತ ಎಷ್ಟೋ ಸಲ ಊಟ ಮಾಡಿದ್ದ. ಕಲಿಸಿದವಳಿಗೆ ತಿರುಗಿ ಕೊಡಬಹುದಾದ ಒಂದೇ ಒಂದು ವಸ್ತು ಈಗ ಅವನ ಕೈಯಲ್ಲಿತ್ತು, ಅದನ್ನು ಕೊಡುತ್ತಿದ್ದ. ಸಹಿ ಹಾಕಿದರೆ ಮುಗಿಯಿತು. ಫ್ಲ್ಯಾಟು, ಹೊಸ್ತಿಲಿಲ್ಲದ ಬಚ್ಚಲು, ತಲೆಯ ಮೇಲೆ ನೀರು. ಸುಮ್ಮನೆ ಕೂತಿರುವುದಷ್ಟೇ ಆಕೆ ಮಾಡಬೇಕಿದ್ದ ಕೆಲಸ.

"ಆ ವಾಕ್ಯ ತಪ್ಪು," ಆಕೆ ಅಂದಳು.

ದನಿ ಬಂದದ್ದು ಹಳೆಯ ಅಭ್ಯಾಸದಿಂದ, ಬೈಯುವ ದನಿಯೇ. ಶಿಷ್ಯನ ಪೆನ್ನು ನಿಂತಿತು.

"ಯಾವ ವಾಕ್ಯ ಅಕ್ಕ?"

"ಗೋಡೆಗಳಲ್ಲಿ ದೋಷ ಕಂಡುಬಂದಿಲ್ಲ ಅಂದ್ಯಲ್ಲ, ನಾಲ್ಕು ಗೋಡೆ ನೋಡಿದ್ಯಾ? ಮೂರು ನೋಡಿದ್ಯ. ನಾಲ್ಕನೇದಕ್ಕೆ ಬೀರು ಅಡ್ಡ ಇದೆ. ಏನಂತ ಬರೀಬೇಕು?"

"ಬೀರು ಅಡ್ಡವಿದ್ದುದರಿಂದ... ಬಲಗೋಡೆ ನೋಡಲಾಗಲಿಲ್ಲ."

"ಬರಿ."

ಆತ ಹೊಡೆದುಹಾಕಿ ಹೊಸದಾಗಿ ಬರೆದ. ಕಿವಿ ಕೆಂಪಾಗಿತ್ತು. ಡ್ರೈವರ್ ಹೆಂಡತಿಯ ಮಣಿಕಟ್ಟು ಬಿಟ್ಟ.

ಆಕೆ ಅಲ್ಲಿಗೆ ನಿಂತಳು. ಮುಂದಿನದನ್ನು ತಾನಾಗಿ ಹೇಳುವ ಮನಸ್ಸಿರಲಿಲ್ಲ, ಅದೂ ಸತ್ಯವೇ. ಹೇಳಬೇಕಾದಷ್ಟು ಹೇಳಿಯಾಗಿತ್ತು, ಯಾರೂ ಓದದ ಸಾಲು ಸರಿಯಾಗಿತ್ತು. ನರ್ಸ್ ಮಿಕ್ಕವರಂತೆ ಆ ಸಾಲನ್ನು ದಾಟಿ ಹೋದರೆ ಯಾರ ಮೇಲೂ ತಪ್ಪಿಲ್ಲ. ನರ್ಸ್ ಕೈಚೀಲದ ಜಿಪ್ಪು ಎಳೆದಳು, ಕನ್ನಡಕ ತೆಗೆದಿಟ್ಟಳು. ಆಮೇಲೆ ಮತ್ತೆ ಹೊರತೆಗೆದು ಹಾಕಿಕೊಂಡಳು.

"ಆ ಬೀರು ಸ್ವಲ್ಪ ಸರಿಸ್ತೀರಾ?"

ಕೇಳಿದ್ದು ಡ್ರೈವರನನ್ನು. ಮನೆಯ ಯಜಮಾನ ಅವನೆಂದು ತಿಳಿದು.

"ತುಂಬಾ ಭಾರ ಅಮ್ಮ. ಒಳಗೆಲ್ಲ ತುಂಬಿದೆ. ನನ್ನ ಮಂಡಿ ನೋಡಿ, ನನ್ನಿಂದಂತೂ ಆಗಲ್ಲ. ಮೂರು ಜನ ಬೇಕು."

"ಆಗಲ್ಲ ಅಂತೀರಾ?"

ಡ್ರೈವರ್ ಮಂಡಿ ನೀವಿಕೊಂಡ. ಆಗಲ್ಲ ಎಂಬುದೂ ಒಂದು ಉತ್ತರ ಎಂದು ಹೆಂಡತಿ ಬೆಳಿಗ್ಗೆ ದರ್ಜಿಯ ಹೆಂಡತಿಗೆ ಹೇಳಿದ್ದು ಅವನಿಗೆ ಗೊತ್ತಿರಲಿಲ್ಲ. ಆಕೆಗೆ ಗೊತ್ತಿತ್ತು. ಎದ್ದು ಹಿಂದಿನ ಕೋಣೆಗೆ ಹೋಗಿ ಬೀರುವಿನ ಎರಡೂ ಬಾಗಿಲು ತೆರೆದಳು.

ಖಾಲಿ ಮಾಡಲು ಇಪ್ಪತ್ತು ನಿಮಿಷ ಹಿಡಿಯಿತು. ಕಂಬಳಿಗಳನ್ನು ಆಕೆ ತೆಗೆದು ಕೊಟ್ಟಳು; ನರ್ಸ್ ಹೇಳದೆಯೇ ಮಡಿಕೆ ಕೆಡದ ಹಾಗೆ ಒಂದರ ಮೇಲೊಂದು ನೆಲದ ಮೇಲೆ ಪೇರಿಸಿದಳು. ಶಿಷ್ಯ ಪಾತ್ರೆಗಳನ್ನು ಅಡುಗೆಮನೆಗೆ ಸಾಗಿಸಿದ. ಸಮವಸ್ತ್ರಗಳ ಕಟ್ಟನ್ನು ಎದೆಗವಚಿಕೊಂಡು ನರ್ಸ್, "ಇದು ಎಲ್ಲಿ?" ಎಂದು ಕೇಳಿ, ಕೊನೆಗೆ ತಾನೇ ಕಿಟಕಿಯ ಕಟ್ಟೆಯ ಮೇಲಿಟ್ಟಳು. ಬೀರು ಬರಿದಾಯಿತು. ಆಕೆ ಒಂದು ಕಡೆ, ಶಿಷ್ಯ ಇನ್ನೊಂದು ಕಡೆ ಹಿಡಿದರು.

ಹಜಾರದಿಂದ ಡ್ರೈವರನ ದನಿ ಕೇಳಿತು.

"ಕಾಲಿನ ಕೆಳಗೆ ಗೋಣಿಚೀಲ ಹಾಕಿ. ನೆಲ ಗೀರುತ್ತೆ. ಸಿಂಕಿನ ಕೆಳಗಿದೆ ನೋಡಿ."

ಗೋಣಿಚೀಲ ಹಾಕಿ ಎಳೆದರು. ಬೀರು ಎರಡು ಮೊಳ ಜರುಗಿತು.

ಬಿರುಕು ಕಿಟಕಿಯ ಮೂಲೆಯಿಂದ ಇಟ್ಟಿಗೆಯ ಸಾಲು ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಇಳಿದಿತ್ತು. ಅದರುದ್ದಕ್ಕೂ ಪೆನ್ಸಿಲ್ ಗೆರೆಗಳು, ಪಕ್ಕದಲ್ಲಿ ಇರುವೆಸಾಲಿನಂಥ ಸಣ್ಣ ಅಕ್ಷರದ ತಾರೀಖುಗಳು. ನರ್ಸ್ ಬಗ್ಗಿ ಮೇಲಿನಿಂದ ಕೆಳಗೆ ಒಂದೊಂದನ್ನೂ ಓದಿದಳು. ಕೊನೆಕೊನೆಯವನ್ನು ಮಂಡಿಯೂರಿ ಓದಿದಳು.

"ಇದು ಜ್ವರದ ಚಾರ್ಟ್ ಇದ್ದ ಹಾಗಿದೆ. ಯಾರು ಬರೆದದ್ದು?"

"ನಾನು," ಆಕೆ ಅಂದಳು.

"ಒಂದು ನಾನು," ಅಂದ ಶಿಷ್ಯ, ಗೋಡೆ ನೋಡುತ್ತ.

"ನಿಂತಿದೆಯಾ, ಇನ್ನೂ ನಡೀತಾ ಇದೆಯಾ?"

"ನಡೀತಿದೆ. ಕೆಳಗೆ ಮುಚ್ಚಿದ ಬಾವಿ ಇದೆ. ಅಡಿಪಾಯಕ್ಕೆ ಆ ಮೂಲೆಯಲ್ಲಿ ಆಸರೆ ಕೊಟ್ರೆ ನಿಲ್ಲಬಹುದು. ಎಂಜಿನಿಯರ್ ನೋಡಿ ಹೇಳಬೇಕು, ನಾನು ಹೇಳಬಾರದು."

ನರ್ಸ್ ಎದ್ದು ಮಂಡಿಯ ಧೂಳು ಕೊಡವಿಕೊಂಡಳು. "ಮತ್ತೆ ನೀವು ಇದನ್ನ ಹೇಗೆ ಕೊಂಡ್ರಿ?"

"ಇವರ ಅಕ್ಕನ ಮನೆ. ಮೀಟರ್ ತರೋದು ಚೆನ್ನಾಗಿರಲ್ಲ ಅಂತ ತರಲಿಲ್ಲ."

ನರ್ಸ್‌ಗೆ ನಗು ತಡೆಯಲಾಗಲಿಲ್ಲ. ಕೈಯಿಂದ ಬಾಯಿ ಮುಚ್ಚಿಕೊಂಡಳು. ಹಜಾರದಲ್ಲಿ ಡ್ರೈವರ್ ಸೋಫಾದ ಹಿಡಿ ಹಿಡಿದು ಏಳಲು ನೋಡಿ, ಮತ್ತೆ ಕೂತ ಸದ್ದು ಕೇಳಿಸಿತು.

ಹೋಗುವಾಗ ನರ್ಸ್ ಬಾಗಿಲಲ್ಲಿ ನಿಂತು ಅವನ ಕಾಲು ನೋಡಿದಳು. ಮಲಗುವಾಗ ಮಂಡಿಯ ಕೆಳಗೆ ದಿಂಬು ಇಟ್ಟುಕೊಳ್ಳಬೇಡಿ, ಹಿಮ್ಮಡಿಯ ಕೆಳಗೆ ಇಟ್ಟುಕೊಳ್ಳಿ ಎಂದು ಹೇಳಿದಳು. ಮನೆಯ ವಿಷಯ ನಾಳೆ ತಿಳಿಸುತ್ತೇನೆ ಅಂದಳು. ಶಿಷ್ಯ ಬರೆದ ವರದಿಯಲ್ಲಿ ಕೊನೆಗೆ ಒಂದು ಸಾಲು ಸೇರಿತ್ತು: ಮನೆಯವರೇ ಬೀರು ಸರಿಸಿ ಗೋಡೆ ತೋರಿಸಿದರು. ಅಂಥ ಸಾಲು ಬರೆಯುವ ಪದ್ಧತಿ ಇಲ್ಲ. ಆಕೆ ಅದನ್ನು ಓದಿದಳು, ತಿದ್ದಲಿಲ್ಲ.

ಅವರು ಹೋದ ಮೇಲೆ ಆಕೆ ಕಂಬಳಿಗಳನ್ನು ಒಂದೊಂದಾಗಿ ಬೀರುವಿಗೆ ಹಾಕುತ್ತಿದ್ದಳು.

"ಅವನು ಬರೆದು ಮುಗಿಸಿದ್ದ," ಅಂದ ಡ್ರೈವರ್ ಹಜಾರದಿಂದ. "ನೀನು ಬಾಯಿ ಮುಚ್ಕೊಂಡಿದ್ರೆ ಸಾಕಿತ್ತು. ಅಷ್ಟೊಂದು ಕಷ್ಟವಾ?"

"ಹೂಂ."

"ನನ್ನ ಅಕ್ಕನ ಮನೆಗೆ ಹೋದಾಗ ಮುಚ್ಕೊಂಡಿದ್ಯಲ್ಲ."

"ಅದಕ್ಕೇ," ಆಕೆ ಅಂದಳು. ಬೀರುವನ್ನು ಗೋಡೆಗೆ ಮತ್ತೆ ಒತ್ತುವುದಕ್ಕೂ ಮಹಡಿಗೆ ಸಾಗಿಸುವುದಕ್ಕೂ ಕೈ ಸಾಲದೆ, ಅದು ಕೋಣೆಯ ಮಧ್ಯದಲ್ಲೇ ಗೋಣಿಚೀಲದ ಮೇಲೆ ನಿಂತಿತು. ಹಿಂಬಾಗಿಲಿಗೆ ಹೋಗಬೇಕಾದರೆ ಅದನ್ನು ಸುತ್ತಿಕೊಂಡು ಹೋಗಬೇಕು.

ಮಾರನೆಯ ದಿನ ಬೆಳಿಗ್ಗೆ ನರ್ಸ್ ಪಾಳಿ ಮುಗಿಸಿ ಫೋನು ಮಾಡಿದಳು. ಬೇಡ ಅಂದಳು. ರೂಮು ಇಷ್ಟವಾಗಿತ್ತು, ಆದರೆ ಹಗಲು ಕಣ್ಣು ಮುಚ್ಚಿದರೆ ಬಾವಿ ನೆನಪಾಗುತ್ತದೆ ಅಂದಳು. ಫ್ಲ್ಯಾಟಿನೊಡತಿ ತಿಂಗಳ ಕೊನೆಯವರೆಗೆ ಕಾದಳು, ಮಾತಿಗೆ ತಪ್ಪಲಿಲ್ಲ; ಒಂದನೆಯ ತಾರೀಖು ಅದನ್ನು ಬೇರೆಯವರಿಗೆ ಕೊಟ್ಟಳು. ಕೊಂಡವರು ತಪಾಸಣೆಗೆ ಕರೆದದ್ದು ಟಕಟಕ ಅಕ್ಕನನ್ನೇ. ಆಕೆ ಹೋಗಿ ಮೂರು ಗಂಟೆ ತಟ್ಟಿ, ಸೋರುವ ನಲ್ಲಿಯ ಬಗ್ಗೆ ಬರೆದು ಬಂದಳು.

ಬರುವ ಸೋಮವಾರ ಕೊಳಾಯಿಯವನು ಬಂದು ಮೆಟ್ಟಿಲ ಕೆಳಗಿನ ಪಾಯಿಖಾನೆಗೆ ಒಂದು ಷವರು ಕೂರಿಸುತ್ತಾನೆ. ಬಾಗಿಲು ತೆಗೆದುಹಾಕಿ ಪರದೆ ಕಟ್ಟಬೇಕಾಗುತ್ತದೆ. ಇಪ್ಪತ್ತಮೂರನೆಯ ಗೆರೆ ಎಳೆಯಲು ಇನ್ನು ನಾಲ್ಕು ತಿಂಗಳಿದೆ.